ಸಗಟು ಮಾತು, ಚಿಲ್ಲರೆ ಮಾತು

ಒಬ್ಬನು ತಾನು ನಿಜವೆಂದು ನಂಬಿದ ಮಾತೊಂದನ್ನು ಇನ್ನೊಬ್ಬನಿಗೆ ಹೇಳುತ್ತಾನೆ. ಆ ಮಾತು ಸುಳ್ಳಾಗಿರುತ್ತದೆ. ಹೇಳಿದವನು ಸುಳ್ಳುಗಾರನೇ? ಅಲ್ಲವೆಂದು ನಾವೆಲ್ಲರೂ ಥಟ್ಟನೆ ಹೇಳಿಬಿಡುತ್ತೇವೆ. ಪಾಪ, ಅವನಿಗೇನು ಗೊತ್ತಿತ್ತು ಎನ್ನುತ್ತೇವೆ. ಈಗ ಅದೇ ಪ್ರಸಂಗವನ್ನು ಸ್ವಲ್ಪ ತಿರುಗಿಸಿ ನೋಡೋಣ. ಆ ಮಾತನ್ನು ಹೇಳಿದ್ದರಿಂದ ಅವನಿಗೆ ನಾಲ್ಕು ಕಾಸು ಲಾಭವಾಗಿದೆ. ವಿಚಾರಿಸಿ ನೋಡುವುದಕ್ಕೆ ಅವಕಾಶವೂ ಇತ್ತು. ಆದರೆ ವಿಚಾರಿಸಿದರೆ ಎಲ್ಲಿ ನಿಜ ಗೊತ್ತಾಗಿಬಿಡುವುದೋ ಎಂದು ಅವನು ವಿಚಾರಿಸಲಿಲ್ಲ. ಈಗ ನಮ್ಮ ನಾಲಗೆ ಅಷ್ಟು ಬೇಗ ಹೊರಳುವುದಿಲ್ಲ.

ಕಾಲೇಜಿನಲ್ಲಿ ಕಾವ್ಯಮೀಮಾಂಸೆಯ ಪಾಠ ಹೇಳುವಾಗ ಶಬ್ದಪ್ರಮಾಣದ ಮಾತು ಬರುತ್ತದೆ. ಕಣ್ಣಾರೆ ಕಂಡದ್ದು ಒಂದು ಬಗೆಯ ಜ್ಞಾನ. ಊಹಿಸಿ ತಿಳಿದದ್ದು ಇನ್ನೊಂದು ಬಗೆ. ಬೇರೆಯವರ ಮಾತಿನಿಂದ ತಿಳಿದದ್ದು ಮತ್ತೊಂದು. ಈ ಮೂರನೆಯದಕ್ಕೆ ನೈಯಾಯಿಕರು ಆಪ್ತವಾಕ್ಯ ಎಂದರು. ‘ನದಿಯ ದಡದಲ್ಲಿ ಐದು ಹಣ್ಣುಗಳಿವೆ’ ಎಂಬುದು ಇದಕ್ಕೆ ಶಾಸ್ತ್ರದ ಹಳೆಯ ಉದಾಹರಣೆ. ವರ್ಷವರ್ಷವೂ ಆ ಐದು ಹಣ್ಣುಗಳನ್ನು ಬಡಿಸಿ ಬಡಿಸಿ ನನಗೂ ಸಾಕಾಗಿತ್ತು, ಹುಡುಗರಿಗೂ ಸಾಕಾಗಿತ್ತು. ಆಪ್ತನೆಂದರೆ ಯಾರು ಎಂಬುದಕ್ಕೆ ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನನು ಹೇಳುವ ಲಕ್ಷಣ ಮಾತ್ರ ಎಂದೂ ಹಳಸಿಲ್ಲ. ವಿಷಯವನ್ನು ತಾನೇ ನೇರವಾಗಿ ಬಲ್ಲವನಾಗಿರಬೇಕು. ಬಲ್ಲದ್ದನ್ನು ಬಲ್ಲ ಹಾಗೆಯೇ ತಿಳಿಸಬೇಕೆಂಬ ಇಚ್ಛೆಯೂ ಅವನಿಗಿರಬೇಕು. ಈ ಎರಡೂ ಇದ್ದರೆ ಋಷಿಯಾದರೂ ಸರಿ, ಆರ್ಯನಾದರೂ ಸರಿ, ಮ್ಲೇಚ್ಛನಾದರೂ ಸರಿ, ಅವನು ಆಪ್ತನೇ. ಆ ಕಾಲದಲ್ಲಿ ಮ್ಲೇಚ್ಛನನ್ನೂ ಸೇರಿಸಿಕೊಂಡ ಧೈರ್ಯವನ್ನು ಮೆಚ್ಚಬೇಕು. ಆದರೆ ಎರಡರಲ್ಲಿ ಒಂದೇ ಇದ್ದವನ ಗತಿಯೇನು? ತಿಳಿಸುವ ಇಚ್ಛೆಯೇನೋ ಇದೆ, ತಿಳಿವಳಿಕೆ ಮಾತ್ರ ಇಲ್ಲ. ನಮ್ಮ ಪೇಟೆಯ ಚಿಲ್ಲರೆ ವ್ಯಾಪಾರಿಗಳಲ್ಲಿ ಸಜ್ಜನರಾದವರೆಲ್ಲ ಈ ವರ್ಗಕ್ಕೆ ಸೇರಿದವರೆಂದು ನನಗೆ ಗೊತ್ತಾದದ್ದು ನಮ್ಮ ತಂಗಿಯ ಮಗಳು ಬೆಳ್ಳಿಯ ವ್ಯಾಪಾರಕ್ಕೆ ಇಳಿದ ಮೇಲೆ.

ಅವಳದು ದೊಡ್ಡ ಅಂಗಡಿಯೇನೂ ಅಲ್ಲ. ಬಿ.ಕಾಂ. ಓದಿ ನಾಲ್ಕಾರು ವರ್ಷ ಒಂದು ಕಚೇರಿಯಲ್ಲಿ ದುಡಿದು, ಮಗುವಾದ ಮೇಲೆ ಬಿಟ್ಟಳು. ಈಗ ಮನೆಯಿಂದಲೇ, ಮೊಬೈಲಿನಲ್ಲಿ ಚಿತ್ರ ತೋರಿಸಿ, ಹಬ್ಬದ ಮುಂಚೆ ನಡೆಯುವ ಮಾರಾಟ ಮೇಳಗಳಲ್ಲಿ ಒಂದು ಮೇಜು ಬಾಡಿಗೆಗೆ ಹಿಡಿದು ಮಾರುತ್ತಾಳೆ. ಮಾರುವುದು ‘ಚಾರ್ಮ್’ ಎಂಬ ಪುಟ್ಟ ಬೆಳ್ಳಿಯ ಒಡವೆ: ಕೈಬಳೆಯಿಂದಲೋ ಸರದಿಂದಲೋ ತೂಗಾಡುವ ಮೀನು, ಆನೆ, ಬೀಗದಕೈ, ಹೆಸರಿನ ಮೊದಲಕ್ಷರ, ದೃಷ್ಟಿ ತಾಗದಿರಲೆಂದು ನೀಲಿ ಕಣ್ಣು. ಒಂದೊಂದು ಎರಡು ಗ್ರಾಮೋ ಮೂರು ಗ್ರಾಮೋ ತೂಗುತ್ತದೆ. ಇಂಗ್ಲಿಷಿನ ಆ ಶಬ್ದದ ಮೂಲ ಲ್ಯಾಟಿನ್ನಿನ ‘ಕಾರ್ಮೆನ್’. ಹಾಡು ಎಂದೂ ಅರ್ಥ, ಮಂತ್ರ ಎಂದೂ ಅರ್ಥ. ಮಂತ್ರವೇ ಮೈಮೇಲಿನ ವಸ್ತುವಾಯಿತು. ಆಮೇಲೆ ಮಂತ್ರ ಕಳಚಿ ಅಂದ ಮಾತ್ರ ಉಳಿಯಿತು. ನಮ್ಮಲ್ಲಿ ಅದು ಇನ್ನೂ ಪೂರ್ತಿ ಕಳಚಿಲ್ಲ. ಕೂಸಿನ ಉಡಿದಾರಕ್ಕೆ ಪೋಣಿಸುವ ಬೆಳ್ಳಿಗುಂಡು, ತೋಳಿನ ತಾಯಿತ, ಕಣ್ಣುಬೇನೆ ವಾಸಿಯಾದರೆ ಅಮ್ಮನವರಿಗೆ ಒಪ್ಪಿಸುವ ಬೆಳ್ಳಿಯ ಕಣ್ಣು, ಇವೆಲ್ಲ ಅದೇ ಮನೆತನದವು. ಆದ್ದರಿಂದ ಈ ಹೊಸ ವ್ಯಾಪಾರವನ್ನು ಪರದೇಶದ್ದೆಂದು ಮೂಗು ಮುರಿಯುವುದಕ್ಕೆ ನಮಗೆ ಹೆಚ್ಚಿನ ಅಧಿಕಾರವಿಲ್ಲ.

‘ಮಾಮ, ನಗರ್ತಪೇಟೆಗೆ ನೀವೂ ಬನ್ನಿ, ತಲೆ ನರೆತವರು ಜೊತೆಗಿದ್ದರೆ ಸರಿಯಾದ ರೇಟು ಹೇಳ್ತಾರೆ’ ಎಂದಳು. ನಲವತ್ತು ದಾಟಿದ ಮೇಲೆ ಬಂದ ನರೆಗೆ ಇಷ್ಟಾದರೂ ಉಪಯೋಗವಾಗಲಿ ಎಂದು ಹೋದೆ.

ಬೆಂಗಳೂರಿನ ಹಳೆಯ ಪೇಟೆಯ ಆ ಬೀದಿಗಳನ್ನು ವಾಚಕರಲ್ಲಿ ಅನೇಕರು ಮದುವೆಯ ಕಾಲದಲ್ಲಿ ತುಳಿದಿರುತ್ತಾರೆ. ಆದರೆ ಒಡವೆ ಕೊಳ್ಳುವುದಕ್ಕೆ ಹೋಗುವುದು ಬೇರೆ, ಮಾರುವುದಕ್ಕಾಗಿ ಕೊಳ್ಳಲು ಹೋಗುವುದು ಬೇರೆ. ಚಿಲ್ಲರೆ ಗಿರಾಕಿಗೆ ಕನ್ನಡಿ, ಬೆಳಕು, ಮೆತ್ತನೆಯ ಕುರ್ಚಿ, ಕಾಫಿ. ಸಗಟು ಗಿರಾಕಿಗೆ ಕಿರಿದಾದ ಮೆಟ್ಟಿಲು, ಎರಡನೆಯ ಅಂತಸ್ತು, ಬರಿಯ ಚಾಪೆ, ಪ್ಲಾಸ್ಟಿಕ್ ಚೀಲಗಳಲ್ಲಿ ಕಿಲೋಗಟ್ಟಲೆ ತುಂಬಿಟ್ಟ ಬೆಳ್ಳಿ. ಸೇಲಂನ ಕಾಲ್ಗೆಜ್ಜೆ, ಕೊಲ್ಹಾಪುರದ ಹತ್ತಿರದ ಹುಪರಿಯಿಂದ ಬಂದ ಸರಕು, ಕಟಕದ ತಂತಿಕೆಲಸ, ಜೈಪುರದಿಂದ ಕಲ್ಲು ಕೂಡಿಸಿ ಬಂದ ಪದಕ, ಥಾಯ್ಲೆಂಡಿನಿಂದ ಬಂದ ಹೊಳಪಿನ ಚಾರ್ಮು, ಎಲ್ಲವೂ ಅಲ್ಲಿ ಅಕ್ಕಿಬೇಳೆಯ ಹಾಗೆ ಕುಳಿತಿರುತ್ತವೆ. ಅಷ್ಟು ಬೆಳ್ಳಿಯನ್ನು ಒಟ್ಟಿಗೆ ನೋಡಿದರೆ ಅದರ ಮೇಲಿನ ಮೋಹವೇ ಅರ್ಧ ಇಳಿದುಹೋಗುತ್ತದೆ.

ಅಲ್ಲಿಯ ಲೆಕ್ಕದ ಭಾಷೆ ಬೇರೆ. ಪ್ರತಿ ಚೀಲಕ್ಕೂ ಒಂದು ‘ಟಂಚ್’ ಉಂಟು. ಅಂದರೆ ನೂರು ಭಾಗದಲ್ಲಿ ಅಪ್ಪಟ ಬೆಳ್ಳಿ ಎಷ್ಟು ಎಂಬ ಅಂಕಿ. ಅದರ ಮೇಲೆ ಮಜೂರಿ ಮತ್ತು ಸವಕಳಿಗೆಂದು ಇನ್ನಷ್ಟು ಸೇರಿಸುತ್ತಾರೆ. ಟಂಚ್ ಅರವತ್ತು, ವೇಸ್ಟೇಜ್ ಹತ್ತು ಎಂದರೆ, ಒಂದು ಕಿಲೋ ಸರಕಿಗೆ ೭೦೦ ಗ್ರಾಂ ಅಪ್ಪಟ ಬೆಳ್ಳಿಯನ್ನೋ ಅದರ ಬೆಲೆಯನ್ನೋ ಕೊಡಬೇಕು. ಕೊಳ್ಳುವವರು ಸೇಲಂನವರಾಗಲಿ, ಮಾರುವವರು ರಾಜಸ್ಥಾನದವರಾಗಲಿ, ಈ ಒಂದು ವಾಕ್ಯದಲ್ಲಿ ವ್ಯವಹಾರ ಮುಗಿಯುತ್ತದೆ. ‘ಇದು ಎಷ್ಟು?’ ‘ಅರವತ್ತು.’ ‘ಅದು?’ ‘ಎಂಬತ್ತು.’ ಮುಖದಲ್ಲಿ ಒಂದು ಗೆರೆಯೂ ಕದಲುವುದಿಲ್ಲ. ಅರವತ್ತನ್ನು ಎಂಬತ್ತೆಂದು ಹೇಳಿದ ವ್ಯಾಪಾರಿ ಆ ಬೀದಿಯಲ್ಲಿ ಬಹಳ ದಿನ ಬಾಳುವುದಿಲ್ಲವಂತೆ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಪೇಟೆಯೆಂದರೆ ಸುಳ್ಳಿನ ತವರೆಂದು ನಂಬಿದ ನನ್ನಂತಹ ಪಾಠದ ಮೇಷ್ಟರಿಗೆ ಇದೊಂದು ಆಶ್ಚರ್ಯ. ಇಷ್ಟು ಕರಾರುವಾಕ್ಕಾಗಿ ನಿಜ ಹೇಳುವ ಜನರನ್ನು ನಾನು ಸಾಹಿತ್ಯ ಸಭೆಗಳಲ್ಲಿಯೂ ಕಂಡಿಲ್ಲ.

ಹಾಗಾದರೆ ಸುಳ್ಳು ಎಲ್ಲಿ ಹುಟ್ಟುತ್ತದೆ? ನಮ್ಮ ಹುಡುಗಿ ೯೨೫ರ ಚಾರ್ಮುಗಳನ್ನು ಕೇಳಿದಳು. ನೂರಕ್ಕೆ ೯೨.೫ ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಲೋಕದಲ್ಲೆಲ್ಲ ‘ಸ್ಟರ್ಲಿಂಗ್’ ಎನ್ನುವುದು ಇದನ್ನೇ. ವ್ಯಾಪಾರಿ ಎರಡು ತಟ್ಟೆಗಳನ್ನು ಮುಂದಿಟ್ಟ. ಎರಡರಲ್ಲಿಯೂ ಅದೇ ಮೀನು, ಅದೇ ಆನೆ. ಎರಡರ ಬೆನ್ನಿನ ಮೇಲೂ ೯೨೫ ಎಂಬ ಮುದ್ರೆ. ಬೆಲೆಯಲ್ಲಿ ಮಾತ್ರ ಬಹಳ ಅಂತರ. ಏಕೆಂದು ಇವಳು ಕೇಳಿದಳು.

‘ಇದು ಟಂಚ್‌ನಲ್ಲಿ ಬರುತ್ತೆ ಮೇಡಂ. ಅದು ಬರೀ ಅರವತ್ತು. ನಂಬರು ಅಚ್ಚಿನಲ್ಲೇ ಇರುತ್ತೆ, ಡಿಸೈನು ಬಂದ ಹಾಗೆ ಅದೂ ಬರುತ್ತೆ.’

‘ಹಾಗಂತ ಹೇಳಿ ಮಾರ್ತೀರಾ?’

‘ನಿಮಗೆ ಸುಳ್ಳು ಹೇಳೋದಿಲ್ಲ ಮೇಡಂ. ನೀವು ವ್ಯಾಪಾರದವರು.’

ಈ ಮಾತನ್ನು ಆತ ಅಭಿಮಾನದಿಂದಲೇ ಹೇಳಿದ. ಅದರಲ್ಲಿ ಕಪಟವಿರಲಿಲ್ಲ. ನನಗೆ ಅಂದಿನಿಂದ ತಲೆಯಲ್ಲಿ ಕೊರೆಯುತ್ತಿರುವುದೂ ಈ ಮಾತೇ. ಮಾರುವವನಿಗೂ ಮಾರುವವನಿಗೂ ನಡುವೆ ನಿಜ. ಮಾರುವವನಿಗೂ ತೊಡುವವಳಿಗೂ ನಡುವೆ ಮೀನಿನ ಬೆನ್ನಿನ ಮೇಲಿನ ಮೂರು ಅಂಕಿ. ಆತ ಯಾರಿಗೂ ಸುಳ್ಳು ಹೇಳಿಲ್ಲ. ಏಕೆಂದರೆ ತೊಡುವವಳ ಮುಖವನ್ನು ಆತ ನೋಡುವುದೇ ಇಲ್ಲ. ಸುಳ್ಳನ್ನು ಹೇಳಬೇಕಾದವಳು ನಮ್ಮ ಹುಡುಗಿ. ಅವಳೂ ಬಾಯಿಬಿಟ್ಟು ಹೇಳಬೇಕಾಗಿಲ್ಲ; ಮುದ್ರೆ ಹೇಳಿಕೊಳ್ಳುತ್ತದೆ, ಅವಳು ಸುಮ್ಮನಿದ್ದರೆ ಸಾಕು. ಕೇಳಿದರೆ ‘ಮೇಲಿಂದ ಹಾಗೇ ಬಂದಿದೆ’ ಎನ್ನಬಹುದು. ಹೀಗೆ ಎಲ್ಲಿಯೂ ಯಾರೂ ಸುಳ್ಳಾಡದೆ ಒಂದು ಸುಳ್ಳು ಎರಡನೆಯ ಅಂತಸ್ತಿನಿಂದ ಇಳಿದು, ಮಲ್ಲೇಶ್ವರದಲ್ಲಿಯೋ ಜಯನಗರದಲ್ಲಿಯೋ ಯಾವುದೋ ಮಗುವಿನ ಕೈ ಸೇರುತ್ತದೆ.

ಹಿಂದಿನವರು ಈ ಮೋಸವನ್ನು ಅರಿಯದವರಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಕಸಾಲಿಗರು ಲೋಹವನ್ನು ಅಪಹರಿಸುವ ಐದು ಉಪಾಯಗಳ ಪಟ್ಟಿಯೇ ಇದೆ. ತಕ್ಕಡಿಯ ಮೋಸ ಒಂದು. ‘ಪೇಟಕ’ ಎಂಬುದು ಇನ್ನೊಂದು: ಒಳಗೆ ಸೀಸದಂತಹ ಕೀಳು ಲೋಹವನ್ನಿಟ್ಟು ಮೇಲೆ ಹೊನ್ನಿನ ತಗಡನ್ನು ಅರಗಿನಿಂದ ಅಂಟಿಸುವುದು. ಇಂದಿನ ಲೇಪದ ಒಡವೆಗಳನ್ನು ಕಂಡಿದ್ದರೆ ಕೌಟಿಲ್ಯನಿಗೆ ಹೊಸತೆನಿಸುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ೧೩೦೦ರಲ್ಲಿಯೇ ಒಂದನೆಯ ಎಡ್ವರ್ಡನು ಬೆಳ್ಳಿ ಸ್ಟರ್ಲಿಂಗ್ ಮಟ್ಟಕ್ಕೆ ಕಡಿಮೆಯಿರಕೂಡದೆಂದೂ, ಪರೀಕ್ಷಿಸಿದ್ದಕ್ಕೆ ಚಿರತೆಯ ತಲೆಯ ಮುದ್ರೆ ಒತ್ತಬೇಕೆಂದೂ ಶಾಸನ ಮಾಡಿದ. ಮುಂದೆ ಅದು ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನದಲ್ಲಿ, ಅಂದರೆ ‘ಹಾಲ್’ನಲ್ಲಿ, ಒತ್ತುವ ಮುದ್ರೆಯಾದ್ದರಿಂದ ಹಾಲ್‌ಮಾರ್ಕ್ ಎಂಬ ಹೆಸರು ಬಂತು. ನಮ್ಮ ದೇಶದಲ್ಲಿ ಮಾನಕ ಸಂಸ್ಥೆಯವರು ಬೆಳ್ಳಿಗೆ ಹಾಲ್‌ಮಾರ್ಕನ್ನು ೨೦೦೫ರಲ್ಲಿ ತಂದರು. ೨೦೨೫ರ ಸೆಪ್ಟೆಂಬರ್ ಒಂದರಿಂದ ಒಂದೊಂದು ಒಡವೆಗೂ ಬೇರೆ ಬೇರೆಯಾದ ಆರು ಅಕ್ಷರ-ಅಂಕಿಗಳ ಗುರುತನ್ನು ಸೇರಿಸಿದರು. ಚಿನ್ನಕ್ಕೆ ೨೦೨೧ರಲ್ಲಿ ಆದ ಹಾಗೆ ಅದನ್ನು ಆಗ ಕಡ್ಡಾಯ ಮಾಡಲಿಲ್ಲ. ಇಷ್ಟವಿದ್ದವರು ಹಾಕಿಸಿಕೊಳ್ಳಲಿ ಎಂದು ಬಿಟ್ಟರು. ಇಷ್ಟವಿಲ್ಲದವರ ಮೀನಿನ ಬೆನ್ನಿನ ಮೇಲೆ ಬರಿಯ ೯೨೫ ಎಂಬ ಅಂಕಿ ಮೊದಲಿನಂತೆಯೇ ಈಜುತ್ತಿತ್ತು.

ಈ ಕಾನೂನು, ಈ ಗಾದೆ, ಈ ಸಂಶಯ ಎಲ್ಲವೂ ಕೆಲಸಗಾರನ ಮೇಲೆಯೇ ಎರಗುವುದನ್ನು ಗಮನಿಸಬೇಕು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ! ಪ್ರಾಸಕ್ಕಾಗಿ ಒಂದು ಕುಲವನ್ನೇ ಕಟಕಟೆಗೆ ಹತ್ತಿಸಿದ ಗಾದೆ ಅದು. ನಗರ್ತಪೇಟೆಯ ಮೇಲಂತಸ್ತುಗಳಲ್ಲಿ ಇಂದು ಕೂತು ಬೆಸುಗೆ ಹಾಕುವ ಹುಡುಗರಲ್ಲಿ ಅನೇಕರು ಬಂಗಾಳದ ಕಡೆಯವರು. ಲೋಹ ಅವರದಲ್ಲ. ಬೆಳಗ್ಗೆ ತೂಗಿ ಕೊಡುತ್ತಾರೆ, ಸಂಜೆ ತೂಗಿ ಇಸಕೊಳ್ಳುತ್ತಾರೆ. ಅರದ ಪುಡಿಯೂ ಲೆಕ್ಕಕ್ಕೆ ಸೇರಿದ್ದು. ನೆಲ ಗುಡಿಸಿದ ದೂಳನ್ನು ಕೂಡ ಎಸೆಯುವುದಿಲ್ಲ, ತೊಳೆದು ಕರಗಿಸಿ ತೆಗೆಯುವವರಿದ್ದಾರೆ. (ಜಾಲಗಾರ ಎಂಬ ನಮ್ಮ ಹಳೆಯ ಮಾತು ಇಂಥವರದೇ; ಕಪ್ಪತಗುಡ್ಡದ ಹಳ್ಳಗಳ ಮರಳಿನಲ್ಲಿ ಚಿನ್ನ ಜಾಲಿಸುತ್ತಿದ್ದವರಿಗೂ ಅದೇ ಹೆಸರು.) ಯಾವ ಟಂಚ್ ಎಂದು ನಿರ್ಧರಿಸಿದವನು ಅವನಲ್ಲ, ಅಚ್ಚಿನಲ್ಲಿ ೯೨೫ ಕೊರೆಯಿಸಿದವನೂ ಅವನಲ್ಲ. ಅಕ್ಕನ ಚಿನ್ನ ಅವನ ಕೈಗೆ ಸಿಕ್ಕುವುದೇ ಇಲ್ಲ. ಗಾದೆ ಇನ್ನೂ ಅವನ ಮೇಲೆಯೇ ಇದೆ.

ಹಾಗಿದ್ದರೆ ನಡುವಿನ ವ್ಯಾಪಾರಿ ಪರೀಕ್ಷೆ ಮಾಡಿಸಲಿ ಎನ್ನಬಹುದು. ನಾವೂ ಆ ಬೀದಿಯಲ್ಲಿಯೇ ಇರುವ ಒಂದು ಟಂಚ್ ಅಂಗಡಿಗೆ ಹೋದೆವು. ವಿಮರ್ಶಕರು ಕವಿತೆಯನ್ನು ಒರೆಗೆ ಹಚ್ಚುವ ಮಾತನ್ನು ಸಾವಿರ ಸಲ ಬರೆದಿರುವ ನನಗೆ ನಿಜವಾದ ಒರೆಗಲ್ಲನ್ನು ನೋಡುವ ಚಪಲವಿತ್ತು. ಬೆಳ್ಳಿಗೆ ಅದು ಚಿನ್ನಕ್ಕೆ ಒದಗಿದಷ್ಟು ಒದಗುವುದಿಲ್ಲವಂತೆ. ಈಗ ಎಕ್ಸ್-ರೇ ಯಂತ್ರವಿದೆ. ಒಡವೆಯನ್ನು ಒಳಗಿಟ್ಟರೆ ಅರೆ ನಿಮಿಷದಲ್ಲಿ ಅಂಕಿಗಳು ಬರುತ್ತವೆ. ಆದರೆ ಆ ಯಂತ್ರದ ಕಣ್ಣು ಚರ್ಮದಿಂದ ಆಳಕ್ಕೆ ಹೋಗುವುದಿಲ್ಲ. ಮೇಲೆ ಒಳ್ಳೆಯ ಬೆಳ್ಳಿಯ ಲೇಪ ದಪ್ಪವಾಗಿದ್ದರೆ ಅದು ಲೇಪದ ಗುಣವನ್ನೇ ಒಡವೆಯ ಗುಣವೆಂದು ಹೇಳಿಬಿಡುತ್ತದೆ. ಮನುಷ್ಯರನ್ನು ಅಳೆಯುವಾಗ ನಾವೂ ಬೇರೇನು ಮಾಡುತ್ತೇವೆ? ಇರಲಿ. ಪೂರ್ತಿ ನಿಜ ಬೇಕಾದರೆ ಒಡವೆಯನ್ನು ಕತ್ತರಿಸಬೇಕು. ಚೂರನ್ನು ಸೀಸದೊಡನೆ ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಕುಲುಮೆಯಲ್ಲಿ ಕಾಯಿಸಿದರೆ ಸೀಸವೂ ತಾಮ್ರವೂ ಬಟ್ಟಲಿಗೆ ಇಂಗಿ ಬೆಳ್ಳಿಯ ಮಣಿಯೊಂದು ಉಳಿಯುತ್ತದೆ. ಇಲ್ಲವೇ ಆಮ್ಲದಲ್ಲಿ ಕರಗಿಸಿ ಉಪ್ಪಿನ ನೀರು ಬೆರೆಸಿ, ಮೊಸರಿನಂತೆ ಒಡೆದು ಇಳಿಯುವ ಬೆಳ್ಳಿಯನ್ನು ಲೆಕ್ಕ ಹಾಕಬೇಕು. ಎರಡರಲ್ಲಿ ಯಾವುದಾದರೂ ಮೀನು ಮೀನಾಗಿ ಉಳಿಯುವುದಿಲ್ಲ.

ಎರಡು ಗ್ರಾಮಿನ ಚಾರ್ಮಿನ ನಿಜವನ್ನು ಪೂರ್ತಿಯಾಗಿ ತಿಳಿದವಳಿಗೆ ಮಾರುವುದಕ್ಕೆ ಚಾರ್ಮೇ ಇರುವುದಿಲ್ಲ. ನೂರರಲ್ಲಿ ಎರಡನ್ನು ಸುಟ್ಟು ತೊಂಬತ್ತೆಂಟನ್ನು ನಂಬಬೇಕು. ಆ ತೊಂಬತ್ತೆಂಟರ ವಿಷಯದಲ್ಲಿ ಅವಳು ವಾತ್ಸ್ಯಾಯನನ ಆಪ್ತಳಾಗುವುದು ಸಾಧ್ಯವೇ ಇಲ್ಲ. ಹಾಗೆಂದು ಮಾರುವುದನ್ನೇ ಬಿಡಬೇಕೇ? ಆ ನ್ಯಾಯ ಹಿಡಿದರೆ ನಾನೂ ಪಾಠ ಹೇಳುವುದನ್ನು ಬಿಡಬೇಕಾಗುತ್ತದೆ. ಹಳಗನ್ನಡದ ಹಸ್ತಪ್ರತಿಗಳನ್ನು ನಾನೇ ನೋಡಿ ಕಾಲ ನಿರ್ಣಯಿಸಿದ್ದು ಎಷ್ಟು? ಮೇಲಿಂದ ಬಂದದ್ದನ್ನು ಕೆಳಕ್ಕೆ ದಾಟಿಸುವುದೇ ನನ್ನ ಕಸುಬೂ ಹೌದು. ಕಸುಬಿನಲ್ಲಿ ನಾನೂ ಚಿಲ್ಲರೆ ವ್ಯಾಪಾರಿಯೇ. ಆದರೆ ಒಳ್ಳೆಯ ಮೇಷ್ಟರಿಗೂ ಕೆಟ್ಟ ಮೇಷ್ಟರಿಗೂ ಒಂದು ವ್ಯತ್ಯಾಸವಿದೆ: ‘ಹೀಗೆಂದು ವಿದ್ವಾಂಸರು ಹೇಳುತ್ತಾರೆ’ ಎನ್ನುವುದನ್ನು ‘ಹೀಗಿದೆ’ ಎಂದು ಮಾಡದಿರುವುದು. ಮಾತಿನ ತೂಕ ತಿಳಿವಳಿಕೆಯ ತೂಕವನ್ನು ಮೀರಬಾರದು. ಮಾರುವವಳಿಗೂ ಇದಕ್ಕಿಂತ ಹೆಚ್ಚಿನದನ್ನು ವಿಧಿಸಲಾರೆವು. ಇದಕ್ಕಿಂತ ಕಡಿಮೆಗೆ ಒಪ್ಪಲೂಬಾರದು ಎಂದು ನನ್ನ ಮತ.

ನಮ್ಮ ಕಾಲೇಜಿನ ವಾಣಿಜ್ಯ ವಿಭಾಗದ ಮಿತ್ರರೊಬ್ಬರು ಇದನ್ನು ಕೇಳಿ ನಕ್ಕರು. ಅವರ ವಾದ ಹಗುರವಾದದ್ದಲ್ಲ. ‘ಲೆಕ್ಕ ಹಾಕಿ ನೋಡಿ. ಸುಲಭವಾಗಲೆಂದು ಬೆಳ್ಳಿ ಗ್ರಾಮಿಗೆ ಇನ್ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ಗ್ರಾಮಿನ ಮೀನು ೯೨೫ ಆದರೆ ಅದರಲ್ಲಿ ೧.೮೫ ಗ್ರಾಂ ಬೆಳ್ಳಿ, ಅರವತ್ತಾದರೆ ೧.೨. ವ್ಯತ್ಯಾಸ ಅರುವತ್ತೈದು ಸೆಂಟಿಗ್ರಾಂ, ನೂರಮೂವತ್ತು ರೂಪಾಯಿ. ಕೊಂಡವಳು ಕೊಟ್ಟದ್ದು ಒಂಬೈನೂರು. ಅವಳೇನು ಬೆಳ್ಳಿ ಕೊಂಡಳೇ? ಮೀನು ಕೊಂಡಳು, ಡಬ್ಬಿ ಕೊಂಡಳು, ಗೆಳತಿಯ ಹುಟ್ಟುಹಬ್ಬದ ಸಂತೋಷ ಕೊಂಡಳು. ಅದರಲ್ಲಿ ಒಂದಕ್ಕೂ ಕಲಬೆರಕೆಯಾಗಿಲ್ಲ. ಎಲ್ಲಿದೆ ಸ್ವಾಮಿ ನಿಮ್ಮ ಅನ್ಯಾಯ?’

ಇದಕ್ಕೆ ಉತ್ತರ ಕೊಡಲು ನನಗೆ ಎರಡು ದಿನ ಬೇಕಾಯಿತು. ಬೆಳ್ಳಿ ಪುಸ್ತಕದ ಹಾಗಲ್ಲ, ಬಟ್ಟೆಯ ಹಾಗಲ್ಲ; ಮಾರಿದ ದಿನಕ್ಕೆ ಅದರ ವ್ಯವಹಾರ ಮುಗಿಯುವುದಿಲ್ಲ. ನಮ್ಮ ಮನೆಗಳಲ್ಲಿ ಬೆಳ್ಳಿ ಕೊಳ್ಳುವ ಹೆಂಗಸು, ಆ ಕ್ಷಣದಲ್ಲಿ ಎಷ್ಟೇ ಸೊಗಸಿಗೆ ಕೊಂಡರೂ, ಮನಸ್ಸಿನ ಮೂಲೆಯಲ್ಲಿ ಇದು ಕಷ್ಟಕ್ಕಾಗುತ್ತದೆ ಎಂದುಕೊಂಡಿರುತ್ತಾಳೆ. ನಾಮಕರಣಕ್ಕೆ ಬಂದ ಉಡಿದಾರ, ಬಸುರಿಗೆ ತೊಡಿಸಿದ ಗೆಜ್ಜೆ, ಸಣ್ಣಪುಟ್ಟ ಪದಕ, ಎಲ್ಲ ಒಂದು ಡಬ್ಬಿಯಲ್ಲಿ ಕೂಡುತ್ತವೆ. ಹತ್ತು ವರ್ಷದ ಮೇಲೆ ಆಸ್ಪತ್ರೆಯ ಖರ್ಚಿಗೋ ಮಗನ ಶುಲ್ಕಕ್ಕೋ ಆ ಡಬ್ಬಿ ಹೊರಗೆ ಬರುತ್ತದೆ. ೨೦೨೫ರ ಒಂದೇ ವರ್ಷದಲ್ಲಿ ಬೆಳ್ಳಿಯ ಬೆಲೆ ಎರಡರಷ್ಟನ್ನೂ ಮೀರಿ ಏರಿದಾಗ ಎಷ್ಟೋ ಡಬ್ಬಿಗಳು ಹೊರಬಂದವು. ಆಗ ಅಪರಿಚಿತ ಅಂಗಡಿಯೊಂದರ ಮೇಜಿನ ಆಚೆ ಕುಳಿತವನು, ಕರಗಿಸಿ ನೋಡಿ, ‘ಇದರಲ್ಲಿ ಅಷ್ಟಿಲ್ಲಮ್ಮ’ ಎನ್ನುತ್ತಾನೆ. ಸಗಟಿನಲ್ಲಿ ಮೊದಲ ದಿನವೇ ಎಲ್ಲರಿಗೂ ಗೊತ್ತಿದ್ದ ನಿಜ ತೊಡುವವಳಿಗೆ ಗೊತ್ತಾಗುವುದು ಅಂದು. ಸುಖದ ದಿನ ಆಡಿದ ಮೌನಕ್ಕೆ ಬೆಲೆ ತೆರುವುದು ಕಷ್ಟದ ದಿನ. ಅದೂ ತೆರುವವಳು ಬೇರೆ. ಆ ಹೊತ್ತಿಗೆ ಮಾರಿದವರು ಎಲ್ಲಿರುತ್ತಾರೋ! ನನ್ನ ಮಿತ್ರರ ನೂರಮೂವತ್ತು ರೂಪಾಯಿಯ ಲೆಕ್ಕದಲ್ಲಿ ದಿನಾಂಕ ಬಿಟ್ಟುಹೋಗಿತ್ತು.

ಹಾಗೆ ನೋಡಿದರೆ ‘ಬೆಳ್ಳಿ’ ಎಂಬ ಶಬ್ದದ ತಪ್ಪೂ ಇದೆ. ನಿಘಂಟಿನಲ್ಲಿ ಅದಕ್ಕೆ ಶೇಕಡಾ ಕೊಟ್ಟಿಲ್ಲ. ಅರವತ್ತೂ ಬೆಳ್ಳಿ, ತೊಂಬತ್ತೊಂಬತ್ತೂ ಬೆಳ್ಳಿ. ಪೂಜೆಯ ತಟ್ಟೆ ಹರಿವಾಣಗಳ ರೂಪದಲ್ಲಿ ಮನೆಮನೆಗೂ ಬಂದಿರುವ ‘ಜರ್ಮನ್ ಸಿಲ್ವರ್’ನಲ್ಲಂತೂ ತಾಮ್ರ, ನಿಕ್ಕಲ್, ಸತುಗಳಿವೆ, ಹೆಸರನ್ನು ಬಿಟ್ಟರೆ ಬೆಳ್ಳಿಯ ಕಣವೂ ಇಲ್ಲ. ನಿಕ್ಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುರಿಕೆ ಏಳುತ್ತದೆ. ಕೈಗೆ ಕಟ್ಟಿದ್ದನ್ನೆಲ್ಲ ಬಾಯಿಗಿಡುವ ಕೂಸಿನ ಮೈಗೆ ಏನು ಕಟ್ಟುತ್ತಿದ್ದೇವೆಂದು ತಿಳಿದಿರುವುದು ಬರಿಯ ಹಣದ ಪ್ರಶ್ನೆಯಲ್ಲ.

ಮೇಳದಲ್ಲಿ ಒಬ್ಬರು ತಾಯಿ ನೀಲಿ ಕಣ್ಣಿನ ಚಾರ್ಮನ್ನು ಹಿಡಿದು, ‘ಇದು ಕಟ್ಟಿದರೆ ದೃಷ್ಟಿ ತಾಗೋಲ್ಲ ಅಲ್ವೇನಮ್ಮ?’ ಎಂದು ಕೇಳಿದರಂತೆ. ‘ಹಾಗಂತ ನಂಬುತ್ತಾರೆ ಆಂಟಿ’ ಎಂದಳಂತೆ ಇವಳು. ಇದನ್ನು ನನ್ನ ವಾಣಿಜ್ಯದ ಮಿತ್ರರಿಗೆ ಹೇಳಿದರೆ, ‘ನೋಡಿ, ದೃಷ್ಟಿಯ ವಿಷಯದಲ್ಲಿ ತಾನು ನಂಬದ್ದನ್ನು ಮಾರಬಹುದು, ಟಂಚ್ ವಿಷಯದಲ್ಲಿ ಮಾತ್ರ ಸತ್ಯಹರಿಶ್ಚಂದ್ರ!’ ಎಂದರು. ಎರಡೂ ಒಂದೇ ಅಲ್ಲವೆಂದು ನನ್ನ ಭಾವನೆ. ದೃಷ್ಟಿಯ ನಂಬಿಕೆಯನ್ನು ಆ ತಾಯಿ ಮನೆಯಿಂದಲೇ ತಂದಿದ್ದರು. ಅದರ ವಿಷಯದಲ್ಲಿ ಅವರಿಗೆ ಅಂಗಡಿಯವಳಿಗಿಂತ ಹೆಚ್ಚು ಗೊತ್ತು, ಅಥವಾ ಇಬ್ಬರಿಗೂ ಅಷ್ಟೇ ಗೊತ್ತು. ಟಂಚ್ ವಿಷಯದಲ್ಲಿ ಅವರು ಪೂರ್ತಿಯಾಗಿ ಇನ್ನೊಬ್ಬರ ಕೈಯಲ್ಲಿದ್ದಾರೆ. ಯಾರು ತಮ್ಮ ಕಣ್ಣನ್ನು ನಮ್ಮ ಕೈಗೆ ಕೊಟ್ಟು ಕುಳಿತಿದ್ದಾರೋ ಅವರ ಮುಂದೆ ನಮ್ಮ ಸುಮ್ಮನಿರುವಿಕೆಯೂ ಮಾತೇ. ಅಮ್ಮನವರ ಗುಡಿಯ ಮುಂದೆ ಮಾರುವ, ಊದಿದರೆ ಹಾರುವಂತಹ ಬೆಳ್ಳಿಯ ಕಣ್ಣುಗಳ ಬಗ್ಗೆಯೂ ಹೀಗೆಯೇ ಹೇಳಬೇಕು. ದೇವಿ ಟಂಚ್ ಹಾಕಿಸುವುದಿಲ್ಲ ನಿಜ. ಹರಕೆ ಹೊತ್ತವಳು ಮಾತ್ರ ಬೆಳ್ಳಿಯನ್ನೇ ಕೊಡುತ್ತೇನೆಂದು ಮಾತು ಕೊಟ್ಟಿರುತ್ತಾಳೆ. ಅಂಗಡಿಯವನು ಅವಳ ಹಣದ ಜೊತೆಗೆ ಅವಳ ಮಾತನ್ನೂ ಸವೆಸಿದ ಹಾಗಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಮುಟ್ಟಿ ಬಿಡುತ್ತೇನೆ. ಆ ಬೆಳ್ಳಿ ಎಲ್ಲಿಂದ ಬಂತು? ಚಾರ್ಮಿನ ಬಳೆಗಳಿಂದ ಹೆಸರಾದ ಡೆನ್ಮಾರ್ಕಿನ ಪಂಡೋರ ಕಂಪನಿಯವರು ಇನ್ನು ಮುಂದೆ ಗಣಿಯಿಂದ ಹೊಸದಾಗಿ ತೆಗೆದ ಬೆಳ್ಳಿಯನ್ನು ಬಳಸದೆ, ಬಳಸಿದ್ದನ್ನೇ ಕರಗಿಸಿ ಬಳಸುವುದಾಗಿ ೨೦೨೦ರಲ್ಲಿ ಸಾರಿದರು. ಒಳ್ಳೆಯ ಸಂಕಲ್ಪ. ನಮ್ಮಲ್ಲಿ ಹಳೆಯದನ್ನು ಕರಗಿಸಿ ಹೊಸದು ಮಾಡುವುದು ಯಾರೂ ಸಾರದೆಯೇ ನಡೆದುಬಂದಿದೆ. ಆದರೆ ಮೂಸೆಗೆ ಬಿದ್ದ ಬೆಳ್ಳಿಗೆ ನೆನಪಿಲ್ಲ. ಅಜ್ಜಿಯ ಡಾಬು, ಅಡವಿಟ್ಟು ಬಿಡಿಸಿಕೊಳ್ಳಲಾಗದ ಲೋಟ, ಕಳ್ಳ ಕದ್ದ ದೀಪ, ಎಲ್ಲ ಒಂದೇ ಗಟ್ಟಿಯಾಗುತ್ತವೆ. ಶುದ್ಧಿಯನ್ನಾದರೂ ಸುಟ್ಟು ತಿಳಿಯಬಹುದು. ಹುಟ್ಟನ್ನು ಸುಟ್ಟೂ ತಿಳಿಯಲಾಗದು. ಅಲ್ಲಿ ಉಳಿಯುವುದು ಕೇವಲ ಮಾತು.

ನಮ್ಮ ಹುಡುಗಿ ಅಂದು ಎರಡನೆಯ ತಟ್ಟೆಯನ್ನು ಹಿಂದಕ್ಕೆ ಸರಿಸಿ ಮೊದಲನೆಯದರಿಂದ ನೂರು ಕಾಳು ಆರಿಸಿದಳು; ಬಿಲ್ಲಿನ ಮೇಲೆ ೯೨೫ ಎಂದು ಬರೆಸಿಕೊಂಡಳು. ಬರೆಯುವ ಮುಂಚೆ ವ್ಯಾಪಾರಿ ಸ್ವಲ್ಪ ಹೊತ್ತು ಲೇಖನಿ ಹಿಡಿದೇ ಇದ್ದ. ಬಾಯಲ್ಲಿ ಹೇಳಲು ತಡೆಯದವನು ಕಾಗದದ ಮುಂದೆ ತಡೆದದ್ದು ನನಗೆ ಸ್ವಾರಸ್ಯವೆನಿಸಿತು. ಎರಡನ್ನು ಟಂಚ್ ಅಂಗಡಿಯಲ್ಲಿ ಕರಗಿಸಲು ಕೊಟ್ಟಳು. ಒಂದು ಸರಿಯಾಗಿ ಬಂತು. ಇನ್ನೊಂದು ತೊಂಬತ್ತೊಂದಕ್ಕೆ ನಿಂತಿತು. ಕೊಂಡಿಯ ಬೆಸುಗೆಯಲ್ಲಿ ಬೆಳ್ಳಿ ಕಡಿಮೆ, ಸಣ್ಣ ಒಡವೆಯಲ್ಲಿ ಬೆಸುಗೆಯ ಪಾಲು ಹೆಚ್ಚು, ಅದಕ್ಕೇ ಹಾಗೆ ಎಂದು ಪರೀಕ್ಷಿಸಿದವನು ವಿವರಿಸಿದ. ಇವಳು ಮೇಜಿನ ಮೇಲಿಡುವ ಚೀಟಿಯಲ್ಲಿ ಹೀಗೆ ಬರೆದಳು: ‘ಬಿಲ್ಲಿನ ಪ್ರಕಾರ ೯೨೫. ನೂರರಲ್ಲಿ ಎರಡನ್ನು ಪರೀಕ್ಷಿಸಿದೆ. ಒಂದು ೯೨.೫, ಒಂದು ೯೧.’ ನಮ್ಮ ತಂಗಿ ಅದನ್ನು ಓದಿ, ‘ಇದೇನೇ, ರಕ್ತಪರೀಕ್ಷೆಯ ವರದಿ ಇದ್ದ ಹಾಗಿದೆ! ಇದನ್ನು ನೋಡಿ ಯಾರು ಕೊಳ್ತಾರೆ?’ ಎಂದಳು. ಆ ಮೇಳದಲ್ಲಿ ಮಾರಾಟ ಕಡಿಮೆಯೇ ಆಯಿತು. ಚೀಟಿಯಿಂದ ಆಯಿತೋ ಮಳೆಯಿಂದ ಆಯಿತೋ ಹೇಳಲಾಗದು. ಎರಡು ದಿನ ಮಳೆ ಹಿಡಿದಿತ್ತು.

ಈಗ ಮನೆಯಲ್ಲಿ ಬೇರೊಂದು ಚರ್ಚೆ ನಡೆಯುತ್ತಿದೆ. ಒಂಬೈನೂರು ಕೊಡಲಾರದವರೂ ಮೇಜಿನ ಮುಂದೆ ನಿಲ್ಲುತ್ತಾರೆ. ಕೂಸಿಗೆ ಏನಾದರೂ ಒಂದು ಬೆಳ್ಳಿ ಬೇಕು ಎನ್ನುತ್ತಾರೆ. ಅವರಿಗಾಗಿ ಆ ಅರವತ್ತರ ಸರಕನ್ನೂ, ಬೆನ್ನಿನ ಮೇಲೆ ಸುಳ್ಳು ಅಂಕಿ ಇಲ್ಲದ್ದನ್ನು ಹುಡುಕಿ, ಅರವತ್ತೆಂದೇ ಹೇಳಿ ಯಾಕೆ ಮಾರಬಾರದು ಎಂದು ಅವಳು ಕೇಳುತ್ತಾಳೆ. ಸಗಟು ಮಾತನ್ನೇ ಚಿಲ್ಲರೆಗೂ ಆಡುವುದು. ಬಡವರಿಗೆ ಕಡಿಮೆ ಬೆಳ್ಳಿ ಎಂದು ಬರೆದು ತೋರಿಸಿ ಅವಮಾನ ಮಾಡಿದಂತಾಗುವುದಿಲ್ಲವೇ ಎಂಬುದು ಅವಳ ತಾಯಿಯ ಆಕ್ಷೇಪ. ಬರೆಯದೆ ಕೊಟ್ಟರೆ ಆಗುವುದಾದರೂ ಏನು ಎಂದು ಇವಳ ಮರುಪ್ರಶ್ನೆ. ನನ್ನನ್ನು ಕೇಳಿದ್ದಾರೆ, ನಾನು ಇನ್ನೂ ಹೇಳಿಲ್ಲ. ಹೋದ ವಾರ ಅವಳು ಮುದ್ರೆಯಿಲ್ಲದ ಮೂರು ಜೊತೆ ಪುಟ್ಟ ಬಳೆಗಳನ್ನು ತಂದು, ‘ಅರವತ್ತು’ ಎಂದು ಅಕ್ಷರದಲ್ಲಿಯೇ ಬರೆದ ಚೀಟಿ ಕಟ್ಟಿ ಇಟ್ಟಿದ್ದಾಳೆ. ಒಂದು ಜೊತೆ ಹೋಗಿದೆ.